‘ಸ್ಥಳೀಯರು ಆಸ್ಪತ್ರೆಗೆ ಸೇರಿಸಿದರು’ – ಯಾರೀ ಸ್ಥಳೀಯರು?

ಪತ್ರಿಕೆಗೆ ಸುದ್ದಿ ಕಳಿಸಲು ಶುರು ಮಾಡಿ ಹತ್ತು ವರ್ಷ ದಾಟಿತು. ಇಷ್ಟು ದಿನದಲ್ಲಿ ನಾನು ಅತಿ ಹೆಚ್ಚು ಸಲ ಟೈಪ್ ಮಾಡಿರುವ ಸಾಲು ಯಾವುದು ಅಂತ ಯಾರಾದರೂ ಕೇಳಿದರೆ ಯೋಚನೆಯೇ ಮಾಡದೆ ಹೇಳುತ್ತೇನೆ: ‘ಗಾಯಾಳುವನ್ನು ಸ್ಥಳೀಯರು ಆಸ್ಪತ್ರೆಗೆ ಸೇರಿಸಿದರು.’ ಬೈಕ್ ಜಾರಿದ್ದಿರಲಿ, ಕೆರೆಗೆ ಬಿದ್ದದ್ದಿರಲಿ, ಹುಲ್ಲಿನ ಮೆದೆಗೆ ಬೆಂಕಿ ತಗುಲಿದ್ದಿರಲಿ, ಸುದ್ದಿಯ ಕೊನೆಗೆ ಈ ಸಾಲು ಬರಲೇಬೇಕು. ಗಾಯಾಳುವಿನ ಹೆಸರು, ವಯಸ್ಸು, ಊರು ಇರುತ್ತದೆ. ಪಿಎಸ್‌ಐ ಹೆಸರು ಇರುತ್ತದೆ. ಭೇಟಿ ಕೊಟ್ಟ ಶಾಸಕರ ಹೆಸರು, ಅವರ ಜೊತೆ ಬಂದವರ ಹೆಸರು ಸಹ ಇರುತ್ತದೆ. ರಕ್ತದಲ್ಲಿ ಕೈ ಅದ್ದಿ ಎತ್ತಿದವನು ಮಾತ್ರ ‘ಸ್ಥಳೀಯರು’.

ಬೆಳಗೊಳದಿಂದ ಜಿನನಾಥಪುರಕ್ಕೆ ಹೋಗುವ ದಾರಿ ನಿಮಗೆ ಗೊತ್ತಿರಬಹುದು. ಚಿಕ್ಕಬೆಟ್ಟದ ಪಕ್ಕದಲ್ಲೇ ಒಂದು ಒಂದೂವರೆ ಕಿಲೋಮೀಟರ್. ಕೆಲವು ವರ್ಷದ ಹಿಂದೆ ಒಂದು ಸಂಜೆ ಆ ಕಡೆ ಬೈಕ್ ಜಾರಿ ಬಿದ್ದ ಅಪ್ಪ-ಮಗನನ್ನು ನೋಡಿದೆ. ನನಗಿಂತ ಮುಂಚೆ ಅಲ್ಲಿ ಮೂವರಿದ್ದರು. ಒಬ್ಬ ಪಂಕ್ಚರ್ ಅಂಗಡಿಯ ಹುಡುಗ, ಇಬ್ಬರು ದೊಡ್ಡಬೆಟ್ಟದಲ್ಲಿ ಡೋಲಿ ಹೊರುವವರು. ಡೋಲಿಯವರು ಮನುಷ್ಯನನ್ನು ಎತ್ತುವ ರೀತಿಯೇ ಬೇರೆ. ಒಬ್ಬರು ತಲೆ-ಹೆಗಲು ಹಿಡಿದರು, ಇನ್ನೊಬ್ಬರು ಸೊಂಟಕ್ಕೆ ಕೈ ಕೊಟ್ಟರು, ‘ಎಳೀಬೇಡ, ಎತ್ತು’ ಅಂತ ಹುಡುಗನಿಗೆ ಗದರಿದರು. ನಾನು ಏನು ಮಾಡಿದೆ? ಫೋಟೊ ತೆಗೆದೆ. ನನ್ನ ಕೆಲಸ ಅದು ಅಂತ ಆಗ ಅನ್ನಿಸಿತ್ತು. ಮಾರನೇ ದಿನ ಏಳು ಸಾಲಿನ ಸುದ್ದಿ ಬಂತು, ಅದರಲ್ಲಿ ಮೂವರೂ ಸೇರಿ ಒಂದು ಪದ ಆಗಿದ್ದರು.

ಈ ಊರಿನಲ್ಲಿ ನಿಂತು ಯೋಚಿಸಿದರೆ ಇದು ಇನ್ನೂ ಚುಚ್ಚುತ್ತದೆ. ಬೆಳಗೊಳದ ಸುತ್ತಮುತ್ತ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೇ ಸಂಪುಟ ಪೂರ್ತಿ ಇಲ್ಲಿಯದೇ. ಜಿನನಾಥಪುರವನ್ನು ನೆಲೆ ಮಾಡಿದ ಗಂಗರಾಜನ ಹೆಸರು ಉಳಿದಿದೆ, ಅಲ್ಲಿನ ಶಾಂತಿನಾಥ ಬಸದಿ ಕಟ್ಟಿಸಿದ ರೇಚಿಮಯ್ಯನ ಹೆಸರು ಉಳಿದಿದೆ. ಅವರು ದಂಡನಾಯಕರು, ಬಿಡಿ. ಗೊಮ್ಮಟನಿಗೆ ದಿನಾ ಹಾಲು ಸಲ್ಲಲಿ, ಹೂವು ಸಲ್ಲಲಿ ಅಂತ ಒಂದಿಷ್ಟು ಗದ್ಯಾಣ ಕೊಟ್ಟವರ ಹೆಸರೂ ಕಲ್ಲಿನ ಮೇಲಿದೆ. ನಮ್ಮ ನಾಡಿನ ಹಳ್ಳಿಹಳ್ಳಿಯಲ್ಲಿ ವೀರಗಲ್ಲುಗಳಿವೆಯಲ್ಲ, ಅವು ಏನು? ಊರಿನ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತ ಸಾಮಾನ್ಯ ಮನುಷ್ಯನ ನೆನಪು. ಊರಿಗೆ ಆಪತ್ತು ಬಂದಾಗ ಮುಂದೆ ಬಂದವನ ಹೆಸರನ್ನು ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಕೆತ್ತುತ್ತಿದ್ದರು. ನಾವು ಮೊಬೈಲಿನಲ್ಲಿ ಟೈಪ್ ಮಾಡುವುದಕ್ಕೂ ಸೋಮಾರಿಗಳಾಗಿದ್ದೇವೆ.

‘ಸ್ಥಳೀಯರು’ ಅನ್ನುವ ಈ ಗುಂಪಿಗೆ ಒಂದು ಕಾಲದಲ್ಲಿ ಸರ್ಕಾರವೇ ಹೆಸರು, ಸಮವಸ್ತ್ರ, ಕಾಯ್ದೆ ಮೂರೂ ಕೊಟ್ಟಿತ್ತು. ಅದೇ ಗೃಹರಕ್ಷಕ ದಳ. ಇವತ್ತು ಹೋಮ್‌ಗಾರ್ಡ್ ಅಂದರೆ ಜಾತ್ರೆಯಲ್ಲಿ ಹಗ್ಗ ಹಿಡಿದು ನಿಲ್ಲುವವರು, ಚುನಾವಣೆ ದಿನ ಬೂತ್ ಬಾಗಿಲಲ್ಲಿ ಕೂರುವವರು ಅಂತಲೇ ನಮ್ಮ ಲೆಕ್ಕ. ಅದು ಶುರುವಾದ ಕಥೆ ಬೇರೆ. 1946ರ ಡಿಸೆಂಬರ್ 6ರಂದು, ಗಲಭೆಗಳ ಕಾಲದಲ್ಲಿ, ಆಗಿನ ಬೊಂಬಾಯಿ ಪ್ರಾಂತ್ಯದಲ್ಲಿ ಮೊರಾರ್ಜಿ ದೇಸಾಯಿ ಅವರ ಮುತುವರ್ಜಿಯಿಂದ ಮೊದಲ ದಳ ಕಟ್ಟಿದರು. ಅದಕ್ಕೇ ಇವತ್ತಿಗೂ ಡಿಸೆಂಬರ್ 6 ಗೃಹರಕ್ಷಕರ ದಿನಾಚರಣೆ. 1962ರಲ್ಲಿ ಚೀನಾ ಯುದ್ಧ ಆದಾಗ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಒಂದು ಮಾತು ಹೇಳಿತು: ನಿಮ್ಮಲ್ಲಿರುವ ಬೇರೆ ಬೇರೆ ಸ್ವಯಂಸೇವಕ ಪಡೆಗಳನ್ನೆಲ್ಲ ಸೇರಿಸಿ ಒಂದೇ ಮಾದರಿಯ ದಳ ಮಾಡಿ. ನಮ್ಮ ಮೈಸೂರು ರಾಜ್ಯದ ಗೃಹರಕ್ಷಕ ಕಾಯ್ದೆಯೂ 1962ರದ್ದೇ. ಧ್ಯೇಯವಾಕ್ಯ ‘ನಿಷ್ಕಾಮ ಸೇವೆ’.

ಆ ಕಲ್ಪನೆ ಚೆನ್ನಾಗಿಯೇ ಇತ್ತು. ಊರಿನ ಟೈಲರ್, ಹೋಟೆಲ್ ಸಪ್ಲೈಯರ್, ಗಾರೆ ಕೆಲಸದವನು, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗ, ಹೀಗೆ ದಿನನಿತ್ಯ ತಮ್ಮ ತಮ್ಮ ಕೆಲಸ ಮಾಡಿಕೊಂಡಿರುವವರೇ ಕವಾಯತು ಕಲಿಯಬೇಕು, ಪ್ರಥಮ ಚಿಕಿತ್ಸೆ ಕಲಿಯಬೇಕು, ಬೆಂಕಿ ಆರಿಸುವುದು, ನೆರೆಯಲ್ಲಿ ಜನರನ್ನು ದಾಟಿಸುವುದು ಕಲಿಯಬೇಕು. ಕರೆ ಬಂದಾಗ ಖಾಕಿ ತೊಟ್ಟು ಬರಬೇಕು, ಮುಗಿದ ಮೇಲೆ ವಾಪಸ್ ಅಂಗಡಿಗೆ ಹೋಗಬೇಕು. ಜಿಲ್ಲೆಗೆ ಒಬ್ಬ ಸಮಾದೇಷ್ಟರು, ತಾಲ್ಲೂಕು ಮಟ್ಟದಲ್ಲಿ ಘಟಕ, ಘಟಕಕ್ಕೊಬ್ಬ ಅಧಿಕಾರಿ, ಅವರೂ ಗೌರವ ಹುದ್ದೆಯವರು. ಕರ್ತವ್ಯಕ್ಕೆ ಕರೆದಾಗ ಪೊಲೀಸರಿಗಿರುವ ರಕ್ಷಣೆಯೇ ಇವರಿಗೂ ಇದೆ ಅಂತ ಕಾಯ್ದೆ ಹೇಳುತ್ತದೆ.

ಆಮೇಲೆ ಏನಾಯಿತು ಅಂದರೆ, ಪೊಲೀಸ್ ನೇಮಕಾತಿ ಸಾಲದೆ ಬಂದಷ್ಟೂ ಗೃಹರಕ್ಷಕರು ಕಡಿಮೆ ಖರ್ಚಿನ ಪೊಲೀಸರಾದರು. ಬಂದೋಬಸ್ತು, ಟ್ರಾಫಿಕ್ಕು, ಕಚೇರಿ ಕಾವಲು. ತುರ್ತು ಸೇವೆ ಅನ್ನುವುದು ದಿನಾಚರಣೆಯ ಭಾಷಣದಲ್ಲಿ ಉಳಿಯಿತು. ದಿನಗೂಲಿಯವರ ಹಾಗೆ ದುಡಿಸಿಕೊಂಡು, ಹಕ್ಕು ಕೇಳಿದಾಗ ‘ನೀವು ಸ್ವಯಂಸೇವಕರು’ ಅನ್ನುವುದು ಒಂದು ಅಭ್ಯಾಸವೇ ಆಗಿಬಿಟ್ಟಿತು. ಹಿಮಾಚಲ ಪ್ರದೇಶದ ಗೃಹರಕ್ಷಕರು ಸುಪ್ರೀಂ ಕೋರ್ಟಿನವರೆಗೂ ಹೋದರು. 2015ರ ಮಾರ್ಚ್‌ನಲ್ಲಿ ತೀರ್ಪು ಬಂತು. ಕೆಲಸ ಖಾಯಂ ಮಾಡಿ ಅನ್ನುವ ಬೇಡಿಕೆಯನ್ನು ಕೋರ್ಟು ಒಪ್ಪಲಿಲ್ಲ. ಆದರೆ ತಿಂಗಳಲ್ಲಿ ಮೂವತ್ತು ದಿನ ಕೆಲಸ ಮಾಡಿದರೆ ಪೊಲೀಸರ ಕನಿಷ್ಠ ಸಂಬಳದಷ್ಟಾದರೂ ಕೈಗೆ ಬರುವ ಹಾಗೆ ದಿನಭತ್ಯೆ ಕೊಡಿ ಎಂದಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈ ಹಿಡಿದುಕೊಂಡ ತೀರ್ಪು ಅದು ಅಂತ ನನ್ನ ಅಭಿಪ್ರಾಯ. ‘ಸ್ವಯಂಸೇವಕ’ ಅನ್ನುವ ಒಂದೇ ಪದ ಗೌರವಕ್ಕೂ ಬಳಕೆಯಾಗುತ್ತದೆ, ಹೊಣೆ ಜಾರಿಸುವುದಕ್ಕೂ ಬಳಕೆಯಾಗುತ್ತದೆ.

ನಮ್ಮ ಕಡೆಯವರಿಗೆ ಸ್ವಯಂಸೇವಕರನ್ನು ದೊಡ್ಡ ಸಂಖ್ಯೆಯಲ್ಲಿ ನೋಡಿ ಗೊತ್ತಿರುವುದು ಮಹಾಮಸ್ತಕಾಭಿಷೇಕದಲ್ಲಿ. 1981ರದ್ದನ್ನು, ಗೊಮ್ಮಟನಿಗೆ ಸಾವಿರ ವರ್ಷ ತುಂಬಿದ ವರ್ಷದ್ದನ್ನು, ಈಗಲೂ ಹಿರಿಯರು ಹೇಳುತ್ತಾರೆ. ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂವು ಸುರಿಸಿದ್ದು ಎಲ್ಲರ ಬಾಯಲ್ಲೂ ಇದೆ. ಆಮೇಲೆ 1993, 2006, 2018. 2018ರ ಫೆಬ್ರುವರಿಯಲ್ಲಿ ನಾನೂ ಪಾಸ್ ಹಾಕಿಕೊಂಡು ಓಡಾಡಿದ್ದೆ. ಸುತ್ತಲ ಹೊಲಗಳಲ್ಲಿ ಉಪನಗರಗಳು ಎದ್ದವು. ಆಂಬುಲೆನ್ಸ್, ತಾತ್ಕಾಲಿಕ ಆಸ್ಪತ್ರೆ, ಅಗ್ನಿಶಾಮಕ ವಾಹನ, ಗೃಹರಕ್ಷಕರು, ಸ್ಕೌಟ್ಸ್, ಎನ್‌ಸಿಸಿ ಮಕ್ಕಳು, ಹೊರರಾಜ್ಯಗಳಿಂದ ಬಂದ ಸೇವಾಕರ್ತರು. ಎಲ್ಲಿ ಬಿದ್ದರೂ ಹಿಡಿಯಲು ಕೈ ಇತ್ತು. ಹಬ್ಬ ಮುಗಿಯಿತು, ಟೆಂಟ್ ಬಿಚ್ಚಿದರು, ಎಲ್ಲ ಹೊರಟುಹೋಯಿತು. ಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಮಾತ್ರ ಅಲ್ಲೇ ಇವೆ, ಪ್ರವಾಸಿಗರು ದಿನಾ ಬರುತ್ತಲೇ ಇದ್ದಾರೆ. ಏಪ್ರಿಲ್ ಬಿಸಿಲಿಗೆ ಕಲ್ಲು ಕಾದಾಗ ಬರಿಗಾಲಲ್ಲಿ ಹತ್ತಿ ತಲೆ ಸುತ್ತಿ ಬೀಳುವ ವಯಸ್ಸಾದವರನ್ನು ಇಳಿಸುವವರು ಯಾರು? ಡೋಲಿಯವರು. ಅವರು ಆಂಬುಲೆನ್ಸ್ ಅಂತ ಯಾವ ದಾಖಲೆಯಲ್ಲೂ ಇಲ್ಲ.

ಒಂದು ತಿಂಗಳ ಹಬ್ಬಕ್ಕೆ ಸಾವಿರಾರು ಜನರನ್ನು ಸಜ್ಜು ಮಾಡಬಲ್ಲ ವ್ಯವಸ್ಥೆಗೆ, ಆ ಊರಿನಲ್ಲೇ ಉಳಿಯುವ ಇಪ್ಪತ್ತೈದು ಮಂದಿಯನ್ನು ತಯಾರು ಮಾಡಿ ಹೋಗಲು ಆಗಲಿಲ್ಲವಲ್ಲ ಅಂತ ನನ್ನ ದೂರು. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಆಗಲಾದರೂ ಯಾರಾದರೂ ಕೇಳಬೇಕು.

108 ಬಂದಿದೆಯಲ್ಲ, ಇನ್ನೇನು ಬೇಕು ಅಂತ ನೀವು ಹೇಳಬಹುದು. ಸುಳ್ಳು ಹೇಳಬಾರದು, 108 ನಮ್ಮ ಹಳ್ಳಿಗಳ ಬದುಕು ಬದಲಿಸಿತು. 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಅನ್ನುವ ಹೆಸರಲ್ಲಿ ಶುರುವಾಯಿತು. ಅದಕ್ಕೆ ಮುಂಚೆ ಹೆರಿಗೆ ನೋವು ಬಂದವರನ್ನು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಹುಲ್ಲು ಹಾಸಿ ಕರೆದುಕೊಂಡು ಹೋದ ಕಥೆ ಯಾವ ಊರಲ್ಲಿ ಕೇಳಿದರೂ ಸಿಗುತ್ತದೆ. ಆದರೆ ಆಂಬುಲೆನ್ಸ್ ಎಷ್ಟೇ ಬೇಗ ಹೊರಟರೂ ರಸ್ತೆ ಅನ್ನುವುದೊಂದು ಇದೆ. ಬೆಳಗೊಳದಿಂದ ಚನ್ನರಾಯಪಟ್ಟಣ ಹನ್ನೆರಡು ಹದಿಮೂರು ಕಿಲೋಮೀಟರ್, ಹಾಸನದ ದೊಡ್ಡಾಸ್ಪತ್ರೆ ಐವತ್ತರ ಆಸುಪಾಸು. ಫೋನ್ ಮಾಡಿದ ಹೊತ್ತಿನಿಂದ ಸೈರನ್ ಕೇಳುವ ಹೊತ್ತಿನವರೆಗೆ ಒಂದು ಸಂದು ಇರುತ್ತದೆ. ಜೀವ ಹೋಗುವುದು ಉಳಿಯುವುದು ಬಹಳ ಸಲ ಆ ಸಂದಿನಲ್ಲೇ ತೀರ್ಮಾನ ಆಗುತ್ತದೆ.

ಹಾಸನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2025ರ ಮೇ ಕೊನೆಯಿಂದ ಜುಲೈವರೆಗೆ ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಠಾತ್ ಸಾವು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿ ನೋಡಿ ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಹಾಸನದಲ್ಲಿ ಮಾತ್ರ ಅಸಹಜವಾಗಿ ಏರಿಲ್ಲ, ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ ಇವೆಲ್ಲ ಕಾರಣ ಅಂತ ವರದಿ ಬಂತು. ಜನ ಸೇರುವ ಕಡೆ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಇಡುವ ಮಾತೂ ಆಗ ಬಂತು. ಸುದ್ದಿ ಅಲ್ಲಿಗೆ ತಣ್ಣಗಾಯಿತು. ನಮ್ಮ ಊರುಗಳಲ್ಲಿ ಆ ಯಂತ್ರ ಎಲ್ಲಿದೆ ಅಂತ ಕೇಳಿದರೆ ತೋರಿಸುವವರು ಸಿಗುವುದು ಕಷ್ಟ.

ಯಂತ್ರ ಬರುವವರೆಗೆ ಎರಡು ಕೈ ಇವೆ. ಎದೆ ಹಿಡಿದು ಬಿದ್ದವನು ಕರೆದರೆ ಓಗೊಡುತ್ತಿಲ್ಲ, ಉಸಿರು ಆಡುತ್ತಿಲ್ಲ ಅಂದರೆ ಮುಖಕ್ಕೆ ನೀರು ಹೊಡೆಯುತ್ತಾ ಕೂರಬಾರದು. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದಂತೂ ಬೇಡವೇ ಬೇಡ. ಒಬ್ಬರು 108ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈ ಇಟ್ಟು ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ ಒತ್ತಬೇಕು. ದೊಡ್ಡವರಿಗಾದರೆ ಎದೆ ಎರಡು ಅಂಗುಲ ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಸುಸ್ತಾದರೆ ಪಕ್ಕದವರು ಮುಂದುವರಿಸಬೇಕು, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು. ಇದೇ ಸಿಪಿಆರ್. ಹೃದಯ ನಿಂತ ಮೇಲೆ ಏನೂ ಮಾಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇಕಡ 7ರಿಂದ 10ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ ಅಂತ ವೈದ್ಯರ ಲೆಕ್ಕ. ಆ ಲೆಕ್ಕದಲ್ಲಿ ಚನ್ನರಾಯಪಟ್ಟಣದಿಂದ ಗಾಡಿ ಬರುವ ಹೊತ್ತಿಗೆ ಏನು ಉಳಿದಿರುತ್ತದೆ, ನೀವೇ ಯೋಚಿಸಿ. ಓದಿ ಕಲಿಯುವ ವಿದ್ಯೆ ಅಲ್ಲ ಇದು, ಗೊಂಬೆಯ ಮೇಲೆ ಒಂದು ಸಲ ಒತ್ತಿ ನೋಡಬೇಕು. ಒಂದು ಮಧ್ಯಾಹ್ನ ಸಾಕು.

ನೀರಿನ ಕಥೆ ಇನ್ನೂ ಬೇಸರದ್ದು. ಹೇಮಾವತಿ ನಾಲೆ ನಮ್ಮ ತಾಲ್ಲೂಕಿನಲ್ಲಿ ಹರಿಯುತ್ತದೆ, ಕೆರೆಗಳಿವೆ, ಈಗ ಹೊಲಹೊಲಕ್ಕೂ ಕೃಷಿ ಹೊಂಡ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದರೆ ಈಜು ಬಲ್ಲವನೂ ಹತ್ತಿ ಬರಲಾರ. ಒಬ್ಬ ಬಿದ್ದರೆ ಉಳಿಸಲು ಇನ್ನೊಬ್ಬ ಹಾರುತ್ತಾನೆ, ಅವನನ್ನು ಹಿಡಿಯಲು ಮೂರನೆಯವನು. ಇಂಥ ಸುದ್ದಿ ಬರೆದು ಬರೆದು ನನಗೆ ಬೇಸರವಾಗಿದೆ. ಮುಳುಗುತ್ತಿರುವವನು ಸಿಕ್ಕಿದ್ದನ್ನು ತಬ್ಬುತ್ತಾನೆ, ಅದು ನಿಮ್ಮ ಕುತ್ತಿಗೆಯೇ ಆಗಿರಬಹುದು. ಹಾರುವ ಮುಂಚೆ ಎಸೆಯಲು ಏನಿದೆ ನೋಡಬೇಕು: ಹಗ್ಗ, ಸೀರೆ, ಗಾಳಿ ತುಂಬಿದ ಟ್ಯೂಬು, ಮುಚ್ಚಳ ಬಿಗಿದ ಖಾಲಿ ಕ್ಯಾನು. ಹೊಂಡದ ಮೂಲೆಯಲ್ಲಿ ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರೆ ಅದಕ್ಕೆ ಆಗುವ ಖರ್ಚು ಎಷ್ಟು? ಸಬ್ಸಿಡಿಗೆ ಓಡಾಡುವ ನಾವು ಅದನ್ನು ಮಾತ್ರ ಮಾಡುವುದಿಲ್ಲ.

ಇನ್ನು ಭಯದ ವಿಷಯ. ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಲು ಜನ ಹಿಂದೇಟು ಹಾಕುವುದು ಕಲ್ಲು ಮನಸ್ಸಿನಿಂದಲ್ಲ. ಪೊಲೀಸ್ ಸ್ಟೇಷನ್, ಸಾಕ್ಷಿ, ಕೋರ್ಟಿನ ತಾರೀಕು ಇವುಗಳ ಭಯ. ‘ಆಸ್ಪತ್ರೆಗೆ ಸೇರಿಸಿದ್ದೀಯ ಅಂದ್ಮೇಲೆ ನೀನೇ ಗುದ್ದಿರ್ಬೇಕು’ ಅಂತ ಹಿಂದೆ ಅನ್ನಿಸಿಕೊಂಡವರು ಇದ್ದಾರೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಹೆದ್ದಾರಿಯಲ್ಲಿ ಲಾರಿ ಹರಿದು ಹರೀಶ್ ಅನ್ನುವ ಯುವಕನ ದೇಹವೇ ಎರಡು ತುಂಡಾಯಿತು. ಪಂಚಾಯಿತಿ ಚುನಾವಣೆಗೆ ಊರಿಗೆ ಬಂದು ವೋಟು ಹಾಕಿ ಬೆಂಗಳೂರಿಗೆ ವಾಪಸ್ ಹೊರಟಿದ್ದವರು. ಪ್ರಾಣ ಹೋಗುವ ಹೊತ್ತಿನಲ್ಲೂ ನನ್ನ ಕಣ್ಣು ದಾನ ಮಾಡಿ ಎಂದರು. ಅವರ ಹೆಸರಲ್ಲೇ ರಾಜ್ಯ ಸರ್ಕಾರ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ತಂದಿತು. ಅಪಘಾತ ಆದ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆ ಉಚಿತ ಅನ್ನುವುದು ಅದರ ಸಾರವಾಗಿತ್ತು.

ಅದೇ ವರ್ಷ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಗಾಯಾಳುಗಳಿಗೆ ನೆರವಾಗುವವರನ್ನು ಕಾಪಾಡುವ ಮಾರ್ಗಸೂಚಿಗಳನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ಇದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2016ರಲ್ಲಿ ವಿಧಾನಮಂಡಲ ಒಪ್ಪಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 134ಎ ಅಂತ ಒಂದು ಸೆಕ್ಷನ್ನೇ ಸೇರಿತು. ಅರ್ಥ ಇಷ್ಟೇ: ಒಳ್ಳೆಯ ಮನಸ್ಸಿನಿಂದ ಗಾಯಾಳುವನ್ನು ಎತ್ತಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಹೇಳು ಅಂತ ಬಲವಂತ ಮಾಡುವಂತಿಲ್ಲ, ಆಸ್ಪತ್ರೆಯವರು ‘ದುಡ್ಡು ಕಟ್ಟು, ಆಮೇಲೆ ಹೋಗು’ ಅನ್ನುವಂತಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ಗಂಭೀರ ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5 ಸಾವಿರ ಬಹುಮಾನ ಇಟ್ಟಿತ್ತು, 2025ರಲ್ಲಿ ಅದನ್ನು 25 ಸಾವಿರ ಮಾಡಿದೆ. ಈ ವಿಷಯ ನಮ್ಮ ಸಂತೆಗಳಲ್ಲಿ, ಡೇರಿಗಳಲ್ಲಿ, ಆಟೊ ಸ್ಟ್ಯಾಂಡಿನಲ್ಲಿ ಯಾರಿಗೆ ಗೊತ್ತಿದೆ? ಬೆಳಿಗ್ಗೆ ಹಾಲು ಹಾಕಲು ಬರುವ ಜನರ ಮುಂದೆ ಡೇರಿಯ ಗೋಡೆಯ ಮೇಲೆ ನಾಲ್ಕು ಸಾಲು ಬರೆಸಿದರೆ ಸಾಕಿತ್ತು. ಸರ್ಕಾರ ಬಸ್ ಮೇಲೆ ಏನೇನೋ ಜಾಹೀರಾತು ಅಂಟಿಸುತ್ತದೆ.

2025ರ ಸೆಪ್ಟೆಂಬರ್ 12ರ ರಾತ್ರಿ ನೆನಪಿದೆಯಲ್ಲ? ಹಾಸನ-ಹೊಳೆನರಸೀಪುರ ರಸ್ತೆಯ ಮೊಸಳೆ ಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆ ಮೇಲೆ ಟ್ರಕ್ ನುಗ್ಗಿತು. ಒಂಬತ್ತಕ್ಕೆ ಕಡಿಮೆಯಿಲ್ಲದಷ್ಟು ಜೀವ ಹೋಯಿತು, ಬಹಳಷ್ಟು ಹುಡುಗರು, ವಿದ್ಯಾರ್ಥಿಗಳು. ಅಂಥ ಹೊತ್ತಿನಲ್ಲಿ ಮೊದಲು ಕೈ ಹಾಕುವವರು ಮೆರವಣಿಗೆಯಲ್ಲೇ ಇದ್ದವರು, ಒಂದು ಕ್ಷಣದ ಹಿಂದೆ ಕುಣಿಯುತ್ತಿದ್ದವರು. ಯಾರನ್ನು ಮೊದಲು ಎತ್ತಬೇಕು, ಯಾರ ರಕ್ತ ಮೊದಲು ನಿಲ್ಲಿಸಬೇಕು, ಕುತ್ತಿಗೆ ಪೆಟ್ಟಾದವರನ್ನು ಹೇಗೆ ಮಲಗಿಸಬೇಕು ಅಂತ ಹೇಳಿಕೊಟ್ಟವರು ಇದ್ದರೆ ಎಷ್ಟು ವ್ಯತ್ಯಾಸ ಆಗುತ್ತಿತ್ತು ಅಂತ ಲೆಕ್ಕ ಹಾಕಲು ನನಗೆ ಆಗುವುದಿಲ್ಲ. ಆ ಲೆಕ್ಕವನ್ನು ಹಾಕುವ ಹಕ್ಕೂ ಹೊರಗಿನವರಿಗಿಲ್ಲ. ಆದರೆ ಪ್ರತಿ ಊರಿನಲ್ಲೂ ಗಣಪತಿ ಕೂರಿಸುವ ಸಮಿತಿ ಇದೆ. ಆ ಸಮಿತಿಯಲ್ಲಿ ಡಿಜೆ ನೋಡಿಕೊಳ್ಳಲು ಇಬ್ಬರು, ಪ್ರಸಾದಕ್ಕೆ ನಾಲ್ವರು ಇರುತ್ತಾರೆ. ಪೆಟ್ಟಾದರೆ ಯಾರು ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಪ್ರಯತ್ನವೇ ನಡೆದಿಲ್ಲ ಅಂತ ನಾನು ಹೇಳುತ್ತಿಲ್ಲ. ಕೇಂದ್ರದ ವಿಪತ್ತು ನಿರ್ವಹಣಾ ಪ್ರಾಧಿಕಾರ ‘ಆಪದ ಮಿತ್ರ’ ಅನ್ನುವ ಯೋಜನೆಯನ್ನು 2016ರಲ್ಲಿ 30 ಜಿಲ್ಲೆಗಳಲ್ಲಿ ಪ್ರಯೋಗ ಮಾಡಿ, ಆಮೇಲೆ 350 ಜಿಲ್ಲೆಗೆ, ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಿತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಪ್ರವಾಹದ ವರ್ಷಗಳ ಪಾಠ ಕಲಿತು ‘ಶೌರ್ಯ’ ವಿಪತ್ತು ನಿರ್ವಹಣಾ ಘಟಕಗಳನ್ನು ಕಟ್ಟಿದ್ದಾರೆ. ಮರ ಬಿದ್ದರೆ, ರಸ್ತೆ ಮುಚ್ಚಿದರೆ ಗರಗಸ ಹಿಡಿದು ಬರುವ ಹುಡುಗರು ಅವರು. ಗೊತ್ತಿರುವ ಜನ, ಗೊತ್ತಿರುವ ಸಂಘ, ವಾರವಾರ ಸಭೆ ಸೇರುವ ಅಭ್ಯಾಸ ಮೊದಲೇ ಇರುವುದರಿಂದ ಅದು ನಿಂತಿದೆ ಅಂತ ನನಗೆ ಅನ್ನಿಸುತ್ತದೆ.

ಅಂಥ ಅಭ್ಯಾಸ ಇಲ್ಲದ ಕಡೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇನೆ. ಒಂದು ಸಾವು ಆಗುತ್ತದೆ, ಹುಡುಗರ ರಕ್ತ ಕುದಿಯುತ್ತದೆ, ಒಂದು ಸೇವಾ ಸಂಘ ಹುಟ್ಟುತ್ತದೆ. ಮೊದಲು ಟೀ ಶರ್ಟು, ಆಮೇಲೆ ಫ್ಲೆಕ್ಸು, ವಾಟ್ಸ್ಯಾಪ್ ಗುಂಪು. ಒಂದು ಹಳೆ ಓಮ್ನಿಗೆ ‘ತುರ್ತು ಸೇವೆ’ ಅಂತ ಬರೆಸುತ್ತಾರೆ. ಮೊದಲ ವರ್ಷ ನಿಜವಾಗಿಯೂ ನಿದ್ದೆಗೆಟ್ಟು ಓಡಾಡುತ್ತಾರೆ. ಎರಡನೇ ವರ್ಷ ಡೀಸೆಲ್ ದುಡ್ಡು ಯಾರು ಕೊಡುವುದು ಅನ್ನುವ ಮಾತು ಬರುತ್ತದೆ. ಅಷ್ಟರಲ್ಲಿ ಪಂಚಾಯಿತಿ ಚುನಾವಣೆ ಬಂದು, ಓಮ್ನಿಯ ಹಿಂದಿನ ಗಾಜಿನ ಮೇಲೆ ಯಾರ ಫೋಟೊ ಅಂಟಿಸಬೇಕು ಅಂತ ಜಗಳ. ಇಬ್ಬರಿಗೆ ಮದುವೆ ಆಗುತ್ತದೆ, ಮೂವರು ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋಗುತ್ತಾರೆ. ಮೂರನೇ ವರ್ಷ ಓಮ್ನಿ ಯಾರದೋ ಮನೆ ಹಿಂದೆ ಹುಣಸೇಮರದ ಕೆಳಗೆ ನಿಂತಿರುತ್ತದೆ. ವಾಟ್ಸ್ಯಾಪ್ ಗುಂಪಿನಲ್ಲಿ ಶುಭೋದಯದ ಚಿತ್ರ ಮಾತ್ರ ಬರುತ್ತಿರುತ್ತದೆ. ಆ ಹುಡುಗರನ್ನು ನಗುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರು ಎತ್ತಿದ ಜೀವಗಳ ಲೆಕ್ಕ ಯಾರೂ ಬರೆದಿಡಲಿಲ್ಲ, ನಾನೂ ಬರೆದಿಡಲಿಲ್ಲ. ಒಳ್ಳೆಯ ಮನಸ್ಸಿನ ಮೇಲೆ ಮಾತ್ರ ನಿಂತ ಗಾಡಿಗೆ ಡೀಸೆಲ್ ಸಿಗುವುದಿಲ್ಲ ಅನ್ನುವುದಷ್ಟೇ ನನ್ನ ಮಾತು.

ಹೊರಗಿನ ದೇಶಗಳ ಕಡೆ ನೋಡಿದರೆ ಚಿಲಿ ದೇಶದ ಉದಾಹರಣೆ ನನಗೆ ಇಷ್ಟ. ಅಲ್ಲಿ ಬೆಂಕಿ ಆರಿಸುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರೇ. 1851ರಲ್ಲಿ ವಾಲ್ಪರೈಸೊ ಅನ್ನುವ ಬಂದರಿನ ಊರಿನಲ್ಲಿ ಶುರುವಾದದ್ದು ಇವತ್ತಿಗೂ ನಡೆದಿದೆ. ಜರ್ಮನಿಯ ಹಳ್ಳಿಗಳಲ್ಲೂ ಬಹುಪಾಲು ಸ್ವಯಂಸೇವಕ ದಳಗಳೇ. ಅವು ನೂರಾರು ವರ್ಷ ಬಾಳಿದ್ದು ಅಲ್ಲಿನ ಜನ ನಮಗಿಂತ ಒಳ್ಳೆಯವರು ಅಂತಲ್ಲ. ಜರ್ಮನಿಯಲ್ಲಿ ಗಾಡಿ, ಬಟ್ಟೆ, ತರಬೇತಿ ಒದಗಿಸುವ ಹೊಣೆ ಊರಿನ ಆಡಳಿತದ್ದು, ಕರ್ತವ್ಯದಲ್ಲಿ ಪೆಟ್ಟಾದರೆ ವಿಮೆ ಇದೆ. ಸಂಬಳ ಕೊಡದಿರುವುದು ಬೇರೆ, ಕೈಬಿಡುವುದು ಬೇರೆ.

ನಮ್ಮಲ್ಲೂ ಹೊಣೆ ಯಾರದು ಅಂತ ಬರೆದಿಟ್ಟಿದೆ, ನಾವು ಓದಿಲ್ಲ ಅಷ್ಟೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಸೆಕ್ಷನ್ ಸ್ಥಳೀಯ ಸಂಸ್ಥೆಗಳ ಬಗ್ಗೆ ಇದೆ. ತನ್ನ ಅಧಿಕಾರಿ, ನೌಕರರಿಗೆ ತರಬೇತಿ ಕೊಡಿಸಬೇಕು, ಬೇಕಾದ ಸಲಕರಣೆ ಸದಾ ಕೈಗೆ ಸಿಗುವ ಹಾಗೆ ಇಟ್ಟಿರಬೇಕು ಅನ್ನುತ್ತದೆ. ಸ್ಥಳೀಯ ಸಂಸ್ಥೆ ಅಂದರೆ ಗ್ರಾಮ ಪಂಚಾಯಿತಿಯೂ ಸೇರಿತು. ನಮ್ಮ ವಾಟರ್‌ಮ್ಯಾನ್, ಬಿಲ್ ಕಲೆಕ್ಟರ್, ಕಸದ ಗಾಡಿ ಓಡಿಸುವ ಅಕ್ಕ ಇವರೆಲ್ಲ ಬೆಳಿಗ್ಗೆಯಿಂದ ಸಂಜೆವರೆಗೆ ಊರಿನಲ್ಲೇ ಇರುವವರು, ಪ್ರತಿ ಬೀದಿ ಗೊತ್ತಿರುವವರು. ಇವರ ಜೊತೆಗೆ ಆಶಾ ಕಾರ್ಯಕರ್ತೆ, ಒಂದಿಬ್ಬರು ಆಟೊದವರು, ಈಜು ಬಲ್ಲ ಇಬ್ಬರು, ಬೆಟ್ಟದ ಡೋಲಿಯವರು. ಹೊಸ ಸಂಘದ ನೋಂದಣಿ ಯಾಕೆ ಬೇಕು? ಸ್ಟ್ರೆಚರ್, ಐವತ್ತು ಅಡಿ ಹಗ್ಗ, ಎರಡು ಲೈಫ್ ಜಾಕೆಟ್, ಟಾರ್ಚು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲ ಸೇರಿಸಿದರೂ ಸರ್ಕಲ್‌ನಲ್ಲಿ ನಿಲ್ಲಿಸುವ ಒಂದು ಹೈಮಾಸ್ಟ್ ದೀಪದ ಖರ್ಚು ಬರುವುದಿಲ್ಲ. ವಿಮೆ ಅಂದರೆ ದೊಡ್ಡ ಮಾತು ಅನ್ನಬೇಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಇಪ್ಪತ್ತೈದು ಮಂದಿಗೆ ವರ್ಷಕ್ಕೆ ಐನೂರು ರೂಪಾಯಿ. ಸನ್ಮಾನದ ಒಂದು ಶಾಲು ಹಾರದ ದುಡ್ಡು.

ಗ್ರಾಮಸಭೆ ಬಂದಾಗ ಚರಂಡಿ, ಮನೆ, ರೇಷನ್ ಕಾರ್ಡು ಕೇಳುತ್ತೇವೆ, ಕೇಳಲೇಬೇಕು. ಜೊತೆಗೆ ಈ ಸಲ ಒಬ್ಬರು ಎದ್ದು ನಿಂತು 41ನೇ ಸೆಕ್ಷನ್ ಪ್ರಕಾರ ನಮ್ಮ ಪಂಚಾಯಿತಿಯಲ್ಲಿ ತರಬೇತಿ ಆದವರು ಯಾರು, ಸ್ಟ್ರೆಚರ್ ಎಲ್ಲಿಟ್ಟಿದ್ದೀರಿ ಅಂತ ಕೇಳಿ ನೋಡಿ. ಪಿಡಿಒ ಏನು ಹೇಳಿದರು ಅಂತ ನನಗೆ ತಿಳಿಸಿ, ನಾನು ಬರೆಯುತ್ತೇನೆ.

ನನ್ನ ಪಾಲಿನ ತಪ್ಪು ಸರಿ ಮಾಡಿಕೊಳ್ಳಲು ಒಂದು ಸಣ್ಣ ಪ್ರಯತ್ನ ಶುರು ಮಾಡಿದ್ದೇನೆ. ಸುದ್ದಿಯಲ್ಲಿ ‘ಸ್ಥಳೀಯರು’ ಅಂತ ಬರೆಯುವ ಮುಂಚೆ ಅವರ ಹೆಸರು ಕೇಳುತ್ತೇನೆ, ಒಪ್ಪಿದರೆ ಹಾಕುತ್ತೇನೆ. ಎರಡು ಸಲ ಡೆಸ್ಕಿನಲ್ಲಿ ಜಾಗ ಸಾಲದು ಅಂತ ತೆಗೆದರು, ಒಂದು ಸಲ ಬಂತು. ಕಳೆದ ತಿಂಗಳು ಹೆದ್ದಾರಿ ಪಕ್ಕ ಬಿದ್ದಿದ್ದ ಒಬ್ಬರನ್ನು ತನ್ನ ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬಂದಿದ್ದವರನ್ನು ಹೊರಗೆ ನಲ್ಲಿ ಹತ್ತಿರ ಮಾತಾಡಿಸಿದೆ. ಸೀಟಿನ ರಕ್ತ ತೊಳೆಯುತ್ತಿದ್ದರು. ಹೆಸರು ಕೇಳಿದೆ.

“ಹೆಸ್ರು ಗಿಸ್ರು ಬ್ಯಾಡ ಸಾ. ಸ್ಟೇಷನ್‌ಗೆ ಕರೀತಾರೆ.”

ಕರೆಯುವ ಹಾಗಿಲ್ಲ ಅಣ್ಣ, ಕಾನೂನಿದೆ ಅಂತ ಹೇಳಿ ಮೊಬೈಲಿನಲ್ಲಿ 134ಎ ತೆಗೆದು ಕೊಟ್ಟೆ. ಕೈ ಒರೆಸಿಕೊಂಡು ಇಸ್ಕೊಂಡರು. ನಿಧಾನಕ್ಕೆ ಪೂರ್ತಿ ಓದಿದರು. ಇನ್ನೊಂದು ಸಲ ಮೇಲಿನಿಂದ ಓದಿದರು. ಮೊಬೈಲ್ ವಾಪಸ್ ಕೊಟ್ಟು, “ಇದುನ್ನ ನಂಗೆ ವಾಟ್ಸ್ಯಾಪ್ ಮಾಡಿ ಸಾ, ಸ್ಟ್ಯಾಂಡ್‌ನೋರ್ಗೆಲ್ಲ ತೋರುಸ್ತೀನಿ” ಅಂದರು. ಆಮೇಲೆ ಬಕೆಟ್ ಎತ್ತಿಕೊಂಡು, “ಆದ್ರೂ ನನ್ ಹೆಸ್ರು ಬ್ಯಾಡ ಬುಡಿ” ಅಂದರು.